ಬಿಳಿ ಹಲಗೆಯ ಮೇಲಿನ ಲೆಕ್ಕ: ಎರಡು ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ಗಳ ನಡುವೆ

1978ರ ಸೆಪ್ಟೆಂಬರ್ 17, ಭಾನುವಾರ ರಾತ್ರಿ. ಅಮೆರಿಕದ ಎಬಿಸಿ ವಾಹಿನಿಯಲ್ಲಿ ಮೂರು ಗಂಟೆಯ ಹೊಸ ಕಾರ್ಯಕ್ರಮವೊಂದು ಪ್ರಸಾರವಾಗುತ್ತಿತ್ತು. ಮನುಷ್ಯರ ಹನ್ನೆರಡು ಗ್ರಹಗಳು ಸಾವಿರ ವರ್ಷದ ಯುದ್ಧದಿಂದ ದಣಿದು, ಸೈಲಾನ್ ಎಂಬ ಯಂತ್ರಪಡೆಯೊಡನೆ ಶಾಂತಿ ಒಪ್ಪಂದಕ್ಕೆ ಹೊರಡುತ್ತವೆ. ಒಪ್ಪಂದ ಬಲೆಯಾಗಿರುತ್ತದೆ. ಸಹಿ ಹಾಕಲು ಹೋದವರೂ ಸಾಯುತ್ತಾರೆ, ಮನೆಯಲ್ಲಿ ಉಳಿದವರೂ ಸಾಯುತ್ತಾರೆ. ಈ ಕಥೆ ಓಡುತ್ತಿದ್ದಾಗಲೇ ವಾಹಿನಿ ಪ್ರಸಾರವನ್ನು ತಡೆದು ಶ್ವೇತಭವನವನ್ನು ತೋರಿಸಿತು. ಅಲ್ಲಿ ಜಿಮ್ಮಿ ಕಾರ್ಟರ್ ಸಮ್ಮುಖದಲ್ಲಿ ಇಸ್ರೇಲಿನ ಬೆಗಿನ್ ಮತ್ತು ಈಜಿಪ್ಟಿನ ಸಾದತ್ ಕ್ಯಾಂಪ್ ಡೇವಿಡ್ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದರು. ಅದು ಮುಗಿದ ಮೇಲೆ ಕಥೆ ಬಿಟ್ಟಲ್ಲಿಂದ ಮುಂದುವರಿಯಿತು.

ಅದೇ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’. ಆ ದಾಳಿಯಲ್ಲಿ ಉಳಿದ ಬಾಹ್ಯಾಕಾಶ ಯುದ್ಧನೌಕೆಯ ಹೆಸರೇ ಸರಣಿಯ ಹೆಸರು. ಗ್ಲೆನ್ ಎ. ಲಾರ್ಸನ್ ಸೃಷ್ಟಿಸಿದ ಈ ಸರಣಿ ಒಂದೇ ಸೀಸನ್‌ಗೆ ನಿಂತಿತು. 2003ರ ಡಿಸೆಂಬರ್ 8ರಂದು ಸೈ-ಫೈ ಚಾನೆಲ್ ಅದೇ ಹೆಸರಿನ, ಅದೇ ಹಡಗಿನ, ಬಹುಪಾಲು ಅದೇ ಪಾತ್ರಗಳ ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿತು. ಆ ಮರುಸೃಷ್ಟಿ 2009ರ ಮಾರ್ಚ್ 20ರವರೆಗೆ ನಡೆಯಿತು. ಮೂರನೆಯ ಸಲ ಮಾಡುವ ಪ್ರಯತ್ನವೂ ನಡೆದಿದೆ. 2019ರಲ್ಲಿ ಸ್ಯಾಮ್ ಎಸ್ಮೇಲ್ ನಿರ್ಮಾಣದಲ್ಲಿ ಪೀಕಾಕ್ ಎಂಬ ಸ್ಟ್ರೀಮಿಂಗ್ ವೇದಿಕೆಗಾಗಿ ಹೊಸ ಸರಣಿ ಘೋಷಣೆಯಾಯಿತು, 2024ರಲ್ಲಿ ಪೀಕಾಕ್ ಅದನ್ನು ಕೈಬಿಟ್ಟಿತು. ಆದ್ದರಿಂದ ಹಳೆಯದರಿಂದ ಹೊಸದು ಏನು ತೆಗೆದುಕೊಂಡಿತು, ಏನು ಬಿಟ್ಟಿತು, ಎಲ್ಲಿ ಎಡವಿತು ಎಂಬ ಪ್ರಶ್ನೆ ಇನ್ನೂ ಹಳತಾಗಿಲ್ಲ. (ಮುಂದೆ ಕಥೆಯ ಗುಟ್ಟುಗಳು ಬರುತ್ತವೆ, ನೋಡದವರು ಗಮನಿಸಿ.)

ಹಳೆಯದು ಹಗುರ, ಹೊಸದು ಗಾಢ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಗಾಢ ಬಣ್ಣ ಬಳಿದುಕೊಂಡು ಬಂದು ಸೋತ ಮರುಸೃಷ್ಟಿಗಳು ಬೇಕಾದಷ್ಟಿವೆ, ಹಾಗಾಗಿ ಆ ವಿವರಣೆ ಸಾಲದು. 2003ರ ತಂಡ ಮಾಡಿದ್ದು ಇನ್ನೂ ಸರಳವಾದ ಕೆಲಸ. ಮೂಲ ಸರಣಿ ಮೊದಲ ರಾತ್ರಿ ಇಟ್ಟ ಲೆಕ್ಕವನ್ನು ಅವರು ಮರುದಿನ ಬೆಳಿಗ್ಗೆಗೂ ಒಯ್ದರು. ಎಷ್ಟು ಜನ ಉಳಿದರು? ನೀರೆಷ್ಟು? ಇಂಧನ ಎಷ್ಟು ದಿನಕ್ಕೆ? ಪೈಲಟ್ ಸತ್ತರೆ ಅವನ ಜಾಗಕ್ಕೆ ಯಾರು? ಈ ಲೆಕ್ಕ ಇಟ್ಟಷ್ಟು ದಿನ ಸರಣಿ ಗಟ್ಟಿಯಾಗಿತ್ತು, ಬಿಟ್ಟಾಗ ಸಡಿಲವಾಯಿತು.

ಮೂಲ ಸರಣಿಗೆ ಏನಾಯಿತು

ಮೂಲವನ್ನು ಬೈಯುವುದು ಸುಲಭ. ಅದು ಯಾವ ಒತ್ತಡದಲ್ಲಿ ತಯಾರಾಯಿತು ಎಂಬುದನ್ನು ನೋಡದೆ ಬೈಯುವುದು ನ್ಯಾಯವಲ್ಲ. ಸ್ಟಾರ್ ವಾರ್ಸ್ ಬಂದು ಒಂದು ವರ್ಷ ಕಳೆದಿತ್ತಷ್ಟೆ. ಅದರ ದೃಶ್ಯಚಮತ್ಕಾರ ಮಾಡಿದ್ದ ಜಾನ್ ಡೈಕ್‌ಸ್ಟ್ರಾ ಇಲ್ಲಿಗೆ ಬಂದರು. ಅದರ ಚಿತ್ರಕಲ್ಪನೆ ಮಾಡಿದ್ದ ರಾಲ್ಫ್ ಮೆಕ್‌ಕ್ವಾರಿಯೂ ಇದಕ್ಕೆ ಚಿತ್ರ ಬರೆದುಕೊಟ್ಟರು. ಸ್ಟಾರ್ ವಾರ್ಸ್ ಹೊರತಂದಿದ್ದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ 34 ಹೋಲಿಕೆಗಳ ಪಟ್ಟಿ ಹಿಡಿದು, ಗ್ಯಾಲಾಕ್ಟಿಕಾ ತಯಾರಿಸಿದ ಯೂನಿವರ್ಸಲ್ ಮೇಲೆ ಮೊಕದ್ದಮೆ ಹೂಡಿತು.

ಅದಕ್ಕಿಂತ ದೊಡ್ಡ ತೊಂದರೆ ಸ್ವರೂಪದ್ದು. ದೀರ್ಘ ಟಿವಿ ಚಿತ್ರಗಳಾಗಿ ಯೋಚಿಸಿದ್ದನ್ನು ಎಬಿಸಿ ವಾರವಾರದ ಸರಣಿಯಾಗಿ ಬದಲಿಸಿತು. ಚಿತ್ರಕಥೆಗಳು ಸಿದ್ಧವಿರಲಿಲ್ಲ, ಚಿತ್ರೀಕರಣದ ಹೊತ್ತಿಗೂ ಬರವಣಿಗೆ ನಡೆಯುತ್ತಿತ್ತು. ಒಂದು ಸಂಚಿಕೆಗೆ ಸುಮಾರು ಹತ್ತು ಲಕ್ಷ ಡಾಲರ್ ಖರ್ಚು ಎಂಬ ಮಾತು ಆ ಕಾಲದ ಟಿವಿಗೆ ಬೆರಗು ಹುಟ್ಟಿಸುವಂಥದ್ದು. ಪುಟ್ಟ ಮಾದರಿಗಳನ್ನು ಕ್ಯಾಮೆರಾದ ಮುಂದೆ ಪದರ ಪದರವಾಗಿ ಚಿತ್ರಿಸಿ ಜೋಡಿಸುವ ಆ ವಿಧಾನದಲ್ಲಿ ಒಂದು ಹಾರಾಟದ ತುಣುಕಿಗೂ ದಿನಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಮೊದಲ ಸಂಚಿಕೆಗೆ ತಯಾರಿಸಿದ ತುಣುಕುಗಳೇ ಮತ್ತೆ ಮತ್ತೆ ಬಂದವು. ವೈಪರ್ ಎಂಬ ಪುಟ್ಟ ಯುದ್ಧವಿಮಾನ ಸುರಂಗದಿಂದ ಚಿಮ್ಮುವ ದೃಶ್ಯ, ಸೈಲಾನ್ ವಿಮಾನ ಎಡಕ್ಕೆ ವಾಲಿ ಸಿಡಿಯುವ ದೃಶ್ಯ ನಾಲ್ಕನೇ ವಾರಕ್ಕೆಲ್ಲ ನೋಡುಗರಿಗೆ ಬಾಯಿಪಾಠವಾಗಿತ್ತು. ಯುದ್ಧದ ಚಿತ್ರ ಪ್ರತಿ ವಾರ ಒಂದೇ ಆದಾಗ ಯುದ್ಧದ ಭಯವೂ ಹೋಗುತ್ತದೆ.

ಇಷ್ಟೆಲ್ಲ ಇದ್ದೂ ಮೊದಲ ಗಂಟೆ ಇಂದಿಗೂ ಎದೆ ತಟ್ಟುತ್ತದೆ. ಗ್ಯಾಲಾಕ್ಟಿಕಾದ ದಳಪತಿ, ಲೋರ್ನ್ ಗ್ರೀನ್‌ರ ಅಡಾಮಾ ತನ್ನ ಕಿರಿಯ ಮಗ ಸತ್ತ ಸುದ್ದಿ ಕೇಳುತ್ತಾನೆ. ಸುಟ್ಟ ಮನೆಯ ಅವಶೇಷದಲ್ಲಿ ನಿಂತು, ಉಳಿದ ಎಲ್ಲ ಹಡಗುಗಳನ್ನೂ ಒಟ್ಟುಗೂಡಿಸಿ ಎನ್ನುತ್ತಾನೆ. 220 ಹಡಗುಗಳು ಸೇರುತ್ತವೆ. ಕೆಲವದರಲ್ಲಿ ಊಟವಿಲ್ಲ, ಕೆಲವದರಲ್ಲಿ ಸಿರಿವಂತರು ಆಹಾರ ಬಚ್ಚಿಟ್ಟುಕೊಂಡಿದ್ದಾರೆ. ಇಲ್ಲಿಯವರೆಗೆ ಲೆಕ್ಕ ಸರಿಯಾಗಿಯೇ ಇದೆ. ನಂತರ ಅದೇ ಕಂತಿನಲ್ಲಿ ಎಲ್ಲರೂ ಕ್ಯಾರಿಲಾನ್ ಎಂಬ ಗ್ರಹಕ್ಕೆ ಇಳಿದು ಜೂಜುಕಟ್ಟೆ ಸೇರುತ್ತಾರೆ. ಹಾಡು, ನೃತ್ಯ, ಔತಣ. ಕಥೆ ಅದನ್ನೂ ಬಲೆ ಎಂದೇ ತೋರಿಸುತ್ತದೆ, ನಿಜ. ಆದರೂ ಕೋಟ್ಯಂತರ ಜನರ ಸಾವಿನ ಸೂತಕ ಅಲ್ಲಿಗೆ ಮುಗಿಯಿತು. ಆಮೇಲೆ ವಾರಕ್ಕೊಂದು ಗ್ರಹ, ವಾರಕ್ಕೊಬ್ಬ ಖಳ. ಸಂಚಿಕೆ ಮುಗಿದಾಗ ಎಲ್ಲ ಮೊದಲಿನಂತೆ. 1979ರ ಏಪ್ರಿಲ್ 29ರಂದು ಕೊನೆಯ ಸಂಚಿಕೆ ಬಂತು. 1980ರಲ್ಲಿ ‘ಗ್ಯಾಲಾಕ್ಟಿಕಾ 1980’ ಎಂಬ ಹತ್ತು ಸಂಚಿಕೆಗಳ ಮುಂದುವರಿಕೆ ಬಂದು ಹೋಯಿತು. ಮಕ್ಕಳ ಹೊತ್ತಿಗೆ ಹೊಂದುವಂತೆ ಮಾಡಿದ ಅದರಲ್ಲಿ ಹಡಗು ಭೂಮಿಯನ್ನು ತಲುಪಿ, ಹಾರುವ ಮೋಟರ್‌ಸೈಕಲ್‌ಗಳ ಕಥೆಯಾಗಿಹೋಯಿತು.

50,298

ಮರುಸೃಷ್ಟಿಯ ಹಿಂದಿದ್ದ ರೊನಾಲ್ಡ್ ಡಿ. ಮೂರ್ ಸ್ಟಾರ್ ಟ್ರೆಕ್‌ನ ಬರಹಗಾರ. ಮನೆಯಿಂದ ದೂರ ಸಿಕ್ಕಿಬಿದ್ದ ಒಂಟಿ ಹಡಗಿನ ಕಥೆಯಾದ ‘ವಾಯೇಜರ್’ನಲ್ಲಿ ಅವರು ಅಲ್ಪಕಾಲ ಕೆಲಸ ಮಾಡಿ ಹೊರಬಂದಿದ್ದರು. ದುರಸ್ತಿಗೆ ಬಂದರಿಲ್ಲದ ಹಡಗು ಈ ವಾರ ಜಖಂಗೊಂಡರೂ ಮುಂದಿನ ವಾರ ಫಳಫಳ ಹೊಳೆಯುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ, ಅದನ್ನು ಬಹಿರಂಗವಾಗಿಯೇ ಹೇಳಿದ್ದರು. ಡೇವಿಡ್ ಐಕ್ ಜೊತೆ ಸೇರಿ ಗ್ಯಾಲಾಕ್ಟಿಕಾ ಕೈಗೆತ್ತಿಕೊಂಡಾಗ ಆ ತಕರಾರನ್ನೇ ನಿಯಮ ಮಾಡಿಕೊಂಡರು.

2003ರ ಆರಂಭದ ಕಿರುಸರಣಿಯಲ್ಲೇ ಇದು ಕಾಣುತ್ತದೆ. ಕ್ಷಿಪಣಿ ತಗುಲಿ ಹಡಗಿನ ಒಂದು ಭಾಗಕ್ಕೆ ಬೆಂಕಿ ಬೀಳುತ್ತದೆ. ಬೆಂಕಿ ಇಂಧನದ ಕೊಳವೆ ಮುಟ್ಟುವ ಮೊದಲು ಆ ಕೋಣೆಗಳ ಗಾಳಿಯನ್ನು ಹೊರಗೆ ಬಿಡಬೇಕು. ಒಳಗೆ ಇನ್ನೂ ಜನರಿದ್ದಾರೆ. ಹಡಗಿನ ಉಪನಾಯಕ ಕರ್ನಲ್ ಟೈ ಆದೇಶ ಕೊಡುತ್ತಾನೆ, 85 ಮಂದಿ ಸಾಯುತ್ತಾರೆ. ಹಾಗೆಯೇ, ಬೆಳಕಿಗಿಂತ ವೇಗವಾಗಿ ಜಿಗಿಯುವ ಎಂಜಿನ್ ಇಲ್ಲದ ಹಡಗುಗಳನ್ನು ಬಿಟ್ಟುಹೋಗಬೇಕಾಗುತ್ತದೆ. ಆ ನಿರ್ಧಾರ ಮಾಡುವವರು ಲಾರಾ ರಾಸ್ಲಿನ್. ಉತ್ತರಾಧಿಕಾರದ ಪಟ್ಟಿಯಲ್ಲಿ 43ನೆಯವರಾಗಿದ್ದ, ಅಂದೇ ಬೆಳಿಗ್ಗೆ ಸ್ತನ ಕ್ಯಾನ್ಸರ್ ಎಂದು ತಿಳಿದುಕೊಂಡಿದ್ದ ಶಿಕ್ಷಣ ಸಚಿವೆ. ಮೇಲಿನ 42 ಜನ ಸತ್ತಿದ್ದರಿಂದ ಅಧ್ಯಕ್ಷೆಯಾದವರು.

ಸರಣಿಯ ಮೊದಲ ಸಂಚಿಕೆಯ ಹೆಸರೇ ಒಂದು ಅಂಕಿ: ‘33’. ಪ್ರತಿ 33 ನಿಮಿಷಕ್ಕೊಮ್ಮೆ ಸೈಲಾನರು ಬಂದೆರಗುತ್ತಾರೆ. ಪ್ರತಿ 33 ನಿಮಿಷಕ್ಕೊಮ್ಮೆ ಇಡೀ ಹಡಗುಗುಂಪು ಜಿಗಿಯಬೇಕು. ಕಥೆ ತೆರೆದುಕೊಳ್ಳುವಾಗ 237 ಜಿಗಿತ ಮುಗಿದಿವೆ, ನಿದ್ದೆಯಿಲ್ಲದೆ 130 ಗಂಟೆ ಕಳೆದಿದೆ. 237ನ್ನು 33ರಿಂದ ಗುಣಿಸಿ 60ರಿಂದ ಭಾಗಿಸಿ ನೋಡಿ, ಉತ್ತರ 130 ಗಂಟೆಗೆ ಸರಿಹೊಂದುತ್ತದೆ. ಟಿವಿ ಬರಹಗಾರರು ಇಂಥ ಗುಣಾಕಾರ ಮಾಡುವುದು ಅಪರೂಪ. ಇದರ ಫಲ ಪ್ರತಿ ಚೌಕಟ್ಟಿನಲ್ಲಿ ಕಾಣುತ್ತದೆ: ಕಣ್ಣು ಕೆಂಪಾದ ಸಿಬ್ಬಂದಿ, ಉತ್ತೇಜಕ ಮಾತ್ರೆ ನುಂಗುವ ಪೈಲಟ್‌ಗಳು, ಪ್ರತಿ ಸಲ ಸ್ವಲ್ಪ ಸ್ವಲ್ಪ ತಡವಾಗುವ ಕೈಗಳು. ಕೊನೆಗೆ ‘ಒಲಿಂಪಿಕ್ ಕ್ಯಾರಿಯರ್’ ಎಂಬ ಪ್ರಯಾಣಿಕ ಹಡಗು ಹಿಂದೆ ಉಳಿದುಬಿಡುತ್ತದೆ, ದಾಳಿ ನಿಲ್ಲುತ್ತದೆ. ಆಮೇಲೆ ಅದು ಮತ್ತೆ ಕಾಣಿಸಿಕೊಂಡಾಗ ದಾಳಿಯೂ ಮರಳುತ್ತದೆ. ಹಡಗಿನಲ್ಲಿರುವವರು 1,345 ಜನ. ಅದನ್ನು ಹೊಡೆದುರುಳಿಸಲು ಆದೇಶ ಹೋಗುತ್ತದೆ.

ರಾಸ್ಲಿನ್‌ರ ಹಡಗಿನಲ್ಲಿ ಒಂದು ಬಿಳಿ ಹಲಗೆ ಇದೆ. ಅದರ ಮೇಲೆ ಬದುಕುಳಿದವರ ಸಂಖ್ಯೆ. ಮೊದಲು 50,298 ಎಂದುಕೊಂಡಿದ್ದದ್ದು ಸಂಚಿಕೆಯ ಕೊನೆಯ ಹೊತ್ತಿಗೆ 47,972. ಅಷ್ಟರಲ್ಲಿ ಒಂದು ಮಗು ಹುಟ್ಟಿದ ಸುದ್ದಿ ಬರುತ್ತದೆ. ರಾಸ್ಲಿನ್ ಅಂಕಿ ಅಳಿಸಿ 47,973 ಎಂದು ಬರೆಯುತ್ತಾರೆ. ಈ ಸಂಚಿಕೆಗೆ 2005ರ ಹ್ಯೂಗೋ ಪ್ರಶಸ್ತಿ ಬಂತು. ಎರಡನೇ ಸೀಸನ್‌ನಿಂದ ಆ ಸಂಖ್ಯೆ ಶೀರ್ಷಿಕೆಯಲ್ಲೇ ಬರತೊಡಗಿತು, ಕಥೆಯಲ್ಲಿ ಸತ್ತವರನ್ನು ಕಳೆದು, ಹುಟ್ಟಿದವರನ್ನು ಕೂಡಿ.

ಹಲಗೆಯ ಸಂಖ್ಯೆ ಬರೀ ಅಲಂಕಾರವಾಗಿ ಉಳಿಯಲಿಲ್ಲ ಎಂಬುದೇ ಮುಖ್ಯ. ಎರಡನೇ ಸೀಸನ್‌ನ ‘ದಿ ಕ್ಯಾಪ್ಟನ್ಸ್ ಹ್ಯಾಂಡ್’ನಲ್ಲಿ, ಹೆಣ್ಣಿನ ಆಯ್ಕೆಯ ಹಕ್ಕಿಗಾಗಿ ಜೀವಮಾನವೆಲ್ಲ ನಿಂತ ರಾಸ್ಲಿನ್ ಗರ್ಭಪಾತವನ್ನು ನಿಷೇಧಿಸುತ್ತಾರೆ. ಕಾರಣ ಹಲಗೆಯ ಮೇಲಿನ ಅಂಕಿ ಇಳಿಯುತ್ತಿದೆ. ಅದು ಸರಿಯೋ ತಪ್ಪೋ ಎಂದು ಸರಣಿ ತೀರ್ಪು ಕೊಡುವುದಿಲ್ಲ. ಆ ನಿಷೇಧ ರಾಸ್ಲಿನ್‌ಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಮಾತ್ರ ತೋರಿಸುತ್ತದೆ. ಮೊದಲ ಸಂಚಿಕೆಯ ಕೊನೆಯಲ್ಲಿ ಸಂತೋಷ ತಂದ ಅದೇ ಸಂಖ್ಯೆ ಇಲ್ಲಿ ಕೈಕೋಳವಾಗುತ್ತದೆ.

ಹಳೆಯ ಹಡಗೇ ಯಾಕೆ ಉಳಿಯಿತು

ಮೂಲದಲ್ಲಿ ಗ್ಯಾಲಾಕ್ಟಿಕಾ ಉಳಿಯುವುದು ಅಡಾಮಾನ ಅನುಮಾನದಿಂದ. ಉಳಿದ ದಳಪತಿಗಳು ಒಪ್ಪಂದ ನಂಬಿದರು, ಅವನು ನಂಬಲಿಲ್ಲ. ಈ ತರ್ಕ ಇಡೀ ಮೂಲ ಸರಣಿಯ ರಾಜಕೀಯವನ್ನು ಹೇಳುತ್ತದೆ: ಸೈನಿಕ ಯಾವಾಗಲೂ ಸರಿ, ಹನ್ನೆರಡು ಜನರ ಪರಿಷತ್ತು ಯಾವಾಗಲೂ ಮೋಸಹೋಗುವ ಮೃದುಮನಸ್ಸಿನವರ ಗುಂಪು.

ಹೊಸದರಲ್ಲಿ ಉಳಿವಿಗೆ ತಾಂತ್ರಿಕ ಕಾರಣ ಇದೆ. ಸೈಲಾನರು ಇಲ್ಲಿ ಮನುಷ್ಯರೇ ಮಾಡಿದ ಯಂತ್ರಗಳು, ಈಗ ಅವುಗಳಲ್ಲಿ ಕೆಲವು ಮನುಷ್ಯರಂತೆಯೇ ಕಾಣುತ್ತವೆ. ಮೊದಲ ಯುದ್ಧದಲ್ಲಿ ಅವು ಕಂಪ್ಯೂಟರ್ ಜಾಲಗಳ ಒಳಗೆ ನುಗ್ಗುತ್ತಿದ್ದ ಕಾರಣ ಗ್ಯಾಲಾಕ್ಟಿಕಾವನ್ನು ಜಾಲವಿಲ್ಲದೆ ಕಟ್ಟಲಾಗಿತ್ತು. ಕಂಪ್ಯೂಟರ್‌ಗಳಿವೆ, ಒಂದಕ್ಕೊಂದು ತಂತಿ ಇಲ್ಲ. ಮಾತಾಡಲು ಸುರುಳಿ ತಂತಿಯ ಫೋನು, ಆದೇಶಕ್ಕೆ ಕಾಗದ. ನಲವತ್ತು ವರ್ಷದ ಶಾಂತಿಯಲ್ಲಿ ಬೇರೆ ಹಡಗುಗಳೆಲ್ಲ ಆಧುನಿಕವಾದವು. ಅವಕ್ಕೆ ವಿಜ್ಞಾನಿ ಗಯಸ್ ಬಾಲ್ಟರ್ ಸಿದ್ಧಪಡಿಸಿದ ಸಂಚಾಲನಾ ತಂತ್ರಾಂಶ ಹಾಕಲಾಯಿತು. ಅವನ ಪ್ರೇಯಸಿಯಾಗಿದ್ದ ಸೈಲಾನ್ ಹೆಣ್ಣು ಅದರೊಳಗೆ ಹಿಂಬಾಗಿಲು ಇಟ್ಟಿದ್ದಳು. ದಾಳಿಯ ದಿನ ಒಂದು ಸಂಕೇತಕ್ಕೆ ಹೊಸ ಹಡಗುಗಳು, ಹೊಸ ಮಾರ್ಕ್ 7 ವೈಪರ್‌ಗಳು ಸ್ತಬ್ಧವಾದವು. ನಿವೃತ್ತಿಯಾಗಿ ವಸ್ತುಸಂಗ್ರಹಾಲಯವಾಗಲಿದ್ದ ಹಳೆಯ ಹಡಗು ಮತ್ತು ಪ್ರದರ್ಶನಕ್ಕಿಟ್ಟಿದ್ದ ಮಾರ್ಕ್ 2 ವೈಪರ್‌ಗಳು ಉಳಿದವು. ಆ ಮಾರ್ಕ್ 2ರ ಆಕಾರವೇ 1978ರ ವೈಪರ್. ಮೂಲಕ್ಕೆ ಸಲ್ಲಿಸಿದ ಗೌರವವನ್ನು ಕಥೆಯ ಕೀಲಿಯನ್ನಾಗಿಯೂ ಮಾಡಿದ್ದು ಜಾಣ್ಮೆ. ಬೀಳ್ಕೊಡುಗೆ ಸಮಾರಂಭದಲ್ಲಿ ನುಡಿಸುವ ರಾಷ್ಟ್ರಗೀತೆಯೂ ಸ್ಟೂ ಫಿಲಿಪ್ಸ್ ರಚಿಸಿದ ಹಳೆಯ ಶೀರ್ಷಿಕೆ ಸಂಗೀತವೇ.

ದಾಳಿಗೆ ಮುಂಚೆ ಇನ್ನೊಂದು ಚಿಕ್ಕ ಘಟನೆ ಬರುತ್ತದೆ. ಶಿಕ್ಷಣ ಸಚಿವೆಯಾಗಿ ಬಂದ ರಾಸ್ಲಿನ್, ಮುಂದೆ ಇಲ್ಲಿಗೆ ಬರಲಿರುವ ಶಿಕ್ಷಕರ ಅನುಕೂಲಕ್ಕೆ ಜಾಲದಿಂದ ಜೋಡಿಸಿದ ಕಂಪ್ಯೂಟರ್ ಬೇಕೆಂದು ಕೇಳುತ್ತಾರೆ. ನನ್ನ ಹಡಗಿನಲ್ಲಿ ಆಗದು ಎನ್ನುತ್ತಾನೆ ಎಡ್ವರ್ಡ್ ಜೇಮ್ಸ್ ಓಲ್ಮೋಸ್‌ರ ಅಡಾಮಾ. ಆ ಕ್ಷಣ ಅವನು ಹಟಮಾರಿ ಮುದುಕನಂತೆ ಕಾಣುತ್ತಾನೆ. ಅವನ ಹಟ ಸರಿಯಾದದ್ದು ಅನುಭವದಿಂದಷ್ಟೇ, ದೂರದೃಷ್ಟಿಯಿಂದ ಅಲ್ಲ. ಎರಡನೇ ಸೀಸನ್‌ನ ಆರಂಭದಲ್ಲಿ ಕಳೆದುಹೋದ ಹಡಗುಗಳನ್ನು ಹುಡುಕುವ ಲೆಕ್ಕಕ್ಕಾಗಿ ಗೇಟಾ ಎಂಬ ಅಧಿಕಾರಿ ಕಂಪ್ಯೂಟರ್‌ಗಳನ್ನು ಜೋಡಿಸಲೇಬೇಕಾಗುತ್ತದೆ. ಸೈಲಾನ್ ವೈರಸ್ ಒಂದೊಂದೇ ರಕ್ಷಣಾಗೋಡೆ ಒಡೆದು ಬರುತ್ತದೆ. ಕೆಲಸ ಮುಗಿದ ಮೇಲೂ ಅದರ ಅವಶೇಷ ಒಳಗೆ ಉಳಿದು, ಹಲವು ಸಂಚಿಕೆಗಳ ನಂತರ ಎದ್ದು ಕುಳಿತುಕೊಳ್ಳುತ್ತದೆ. ಮೂಲ ಸರಣಿಯಲ್ಲಿ ಇಂಥ ಸಾಲ ಮುಂದಿನ ವಾರಕ್ಕೆ ಉಳಿಯುತ್ತಲೇ ಇರಲಿಲ್ಲ.

ಹಾರಾಟದ ವ್ಯತ್ಯಾಸ ಬೇಗ ಹೇಳಿಬಿಡಬಹುದು. 1978ರ ವೈಪರ್ ವಿಮಾನದಂತೆ ವಾಲಿ ತಿರುಗುತ್ತದೆ, ಗಾಳಿಯೇ ಇಲ್ಲದ ಕಡೆ. 2003ರದ್ದು ಮೂತಿ ಮತ್ತು ಬಾಲದ ಪುಟ್ಟ ನಳಿಕೆಗಳಿಂದ ಅನಿಲ ಚಿಮ್ಮಿಸಿ, ಮುಂದಕ್ಕೆ ಸಾಗುತ್ತಲೇ ಹಿಂದಕ್ಕೆ ತಿರುಗಿ ಗುಂಡು ಹಾರಿಸುತ್ತದೆ. ಲೇಸರ್ ಬದಲು ಗುಂಡು, ಕ್ಷಿಪಣಿ, ಅಣ್ವಸ್ತ್ರ. ಗುಂಡು ಎಂದ ಮೇಲೆ ಅದು ಖಾಲಿಯಾಗುತ್ತದೆ, ಖಾಲಿಯಾದರೆ ಹುಡುಕಬೇಕು, ಕಥೆ ಮುಂದೆ ಸಾಗಲು ಅಷ್ಟೇ ಸಾಕು. ಕ್ಯಾಮೆರಾ ಕೈಯಲ್ಲಿ ಹಿಡಿದಂತೆ ಅಲುಗುತ್ತದೆ, ಹಡಗನ್ನು ಕಳೆದುಕೊಂಡು ಮತ್ತೆ ಹುಡುಕುತ್ತದೆ; ಕಂಪ್ಯೂಟರ್‌ನಲ್ಲಿ ರಚಿಸಿದ ದೃಶ್ಯಕ್ಕೂ ಈ ತಡವರಿಕೆಯನ್ನು ಬೇಕೆಂದೇ ಸೇರಿಸಿದರು. 2006ರ ‘ಎಕ್ಸೋಡಸ್’ ಎರಡನೇ ಭಾಗದಲ್ಲಿ ಗ್ಯಾಲಾಕ್ಟಿಕಾ ನೇರವಾಗಿ ಒಂದು ಗ್ರಹದ ವಾಯುಮಂಡಲದೊಳಗೆ ಜಿಗಿದು, ಕಲ್ಲಿನಂತೆ ಬೀಳುತ್ತ, ಉರಿಯುತ್ತ ವೈಪರ್‌ಗಳನ್ನು ಬಿಡುಗಡೆ ಮಾಡಿ, ನೆಲಕ್ಕಪ್ಪಳಿಸುವ ಮುನ್ನ ಮತ್ತೆ ಜಿಗಿಯುತ್ತದೆ. ಟಿವಿಯಲ್ಲಿ ಹಡಗೊಂದಕ್ಕೆ ತೂಕ ಇದೆ ಎಂದು ಅಷ್ಟು ಚೆನ್ನಾಗಿ ಅನ್ನಿಸಿದ ದೃಶ್ಯ ಇನ್ನೊಂದಿಲ್ಲ.

ಇಬ್ಬರು ಕೇನ್‌ಗಳು

ಎರಡು ಸರಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಪೆಗಾಸಸ್ ಕಥೆಗಿಂತ ಒಳ್ಳೆಯ ಜಾಗವಿಲ್ಲ.

1978ರ ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ ಬಂದ ‘ದಿ ಲಿವಿಂಗ್ ಲೆಜೆಂಡ್’ ಎರಡು ಭಾಗದ್ದು. ನಾಶವಾಯಿತೆಂದುಕೊಂಡಿದ್ದ ಮತ್ತೊಂದು ಯುದ್ಧನೌಕೆ ಪೆಗಾಸಸ್ ಎದುರಾಗುತ್ತದೆ. ಅದರ ದಳಪತಿ ಕೇನ್, ನಟ ಲಾಯ್ಡ್ ಬ್ರಿಜಸ್. ದಂತಕಥೆಯಾದ ಸೇನಾನಿ. ಇಂಧನ ಕಡಿಮೆ ಇದೆ, ನಾಗರಿಕ ಹಡಗುಗಳಿಗೆ ಬೇಕು. ಕೇನ್‌ಗೆ ಸೈಲಾನರ ನೆಲೆಯಾದ ಗಾಮೊರೇ ಮೇಲೆ ದಾಳಿ ಮಾಡುವ ಆಸೆ. ಇಂಧನದ ಟ್ಯಾಂಕರ್‌ಗಳನ್ನು ವಶಪಡಿಸಿಕೊಳ್ಳಲು ಹೋದಾಗ ಅವನು ಬೇಕೆಂದೇ ಅವುಗಳನ್ನು ನಾಶಮಾಡುತ್ತಾನೆ, ದಾಳಿಯ ಹೊರತು ಬೇರೆ ದಾರಿ ಉಳಿಯದಿರಲಿ ಎಂದು. ನಿಂತು ಯೋಚಿಸಿದರೆ ಭಯಂಕರ ಅಪರಾಧ. ಸಾವಿರಾರು ಜನರ ಜೀವವನ್ನು ತನ್ನ ಯುದ್ಧಕ್ಕೆ ಪಣವಿಟ್ಟಂತೆ. ಅಡಾಮಾ ಅವನನ್ನು ಹುದ್ದೆಯಿಂದ ಇಳಿಸುತ್ತಾನೆ, ಎರಡೂ ಹಡಗಿನ ಪೈಲಟ್‌ಗಳು ಕೈಕೈ ಮಿಲಾಯಿಸುತ್ತಾರೆ. ಅಷ್ಟರಲ್ಲಿ ಸೈಲಾನರು ಬಂದರು, ಕೇನ್‌ನ ಅಗತ್ಯ ಬಿತ್ತು, ಕೊನೆಗೆ ಅವನು ಒಂಟಿಯಾಗಿ ಶತ್ರುನೌಕೆಗಳತ್ತ ನುಗ್ಗಿ ಕಣ್ಮರೆಯಾದ. ಕಥೆ ಅವನಿಗೆ ವಂದಿಸುತ್ತದೆ. ಅವನ ಅಪರಾಧದ ವಿಚಾರಣೆ ನಡೆಯುವುದೇ ಇಲ್ಲ.

2005ರ ಸೆಪ್ಟೆಂಬರ್ 23ರ ‘ಪೆಗಾಸಸ್’ ಮತ್ತು 2006ರ ಜನವರಿಯ ‘ರಿಸರೆಕ್ಷನ್ ಶಿಪ್’ ಎರಡು ಭಾಗಗಳು ಆ ವಿಚಾರಣೆಯನ್ನು ಕೈಗೆತ್ತಿಕೊಂಡವು. ಇಲ್ಲಿ ಕೇನ್ ಒಬ್ಬ ಹೆಣ್ಣು, ಅಡ್ಮಿರಲ್ ಹೆಲೆನಾ ಕೇನ್, ನಟಿ ಮಿಷೆಲ್ ಫೋರ್ಬ್ಸ್. ಹುದ್ದೆಯಲ್ಲಿ ಅಡಾಮಾನಿಗಿಂತ ಹಿರಿಯಳು. ಪೆಗಾಸಸ್ ಉಳಿದದ್ದಕ್ಕೂ ಕಾರಣವಿದೆ: ದಾಳಿಯ ದಿನ ಅದು ದುರಸ್ತಿಗಾಗಿ ಬಂದರಿನಲ್ಲಿತ್ತು, ಕಂಪ್ಯೂಟರ್‌ಗಳು ಬಂದ್ ಆಗಿದ್ದವು. ಮೊದಲು ಎಲ್ಲರೂ ಸಂಭ್ರಮಿಸುತ್ತಾರೆ. ಆಮೇಲೆ ಪೆಗಾಸಸ್‌ನ ಉಪನಾಯಕ ಕುಡಿದ ಅಮಲಿನಲ್ಲಿ ಕರ್ನಲ್ ಟೈಗೆ ಹೇಳುತ್ತಾನೆ: ಆದೇಶ ಒಪ್ಪದ ಹಿಂದಿನ ಉಪನಾಯಕನನ್ನು ಕೇನ್ ಎಲ್ಲರೆದುರೇ ಗುಂಡಿಟ್ಟು ಕೊಂದಳು. ದಾರಿಯಲ್ಲಿ ಸಿಕ್ಕ ನಾಗರಿಕ ಹಡಗುಗಳಿಂದ ಎಂಜಿನ್ ಬಿಡಿಭಾಗ, ಉಪಯೋಗಕ್ಕೆ ಬರುವ ಜನ, ಎಲ್ಲವನ್ನೂ ಕಿತ್ತುಕೊಂಡು ಉಳಿದವರನ್ನು ಅಲ್ಲೇ ಬಿಟ್ಟಳು. ಸೆರೆಸಿಕ್ಕ ಸೈಲಾನ್ ಹೆಣ್ಣಿಗೆ ಮಾಡಿದ ಹಿಂಸೆಯನ್ನು ಸರಣಿ ನೋಡಲು ಕಷ್ಟವಾಗುವಂತೆ ತೋರಿಸುತ್ತದೆ.

ಇಲ್ಲಿ ಕೇನ್ ಖಳನಾಯಕಿಯಾಗಿಬಿಟ್ಟಿದ್ದರೆ ಕಥೆ ಸುಲಭವಾಗುತ್ತಿತ್ತು. ಆದರೆ ಗ್ಯಾಲಾಕ್ಟಿಕಾ ಆಗದೇ ಹೋದ ಇನ್ನೊಂದು ರೂಪ ಪೆಗಾಸಸ್. ಕಿರುಸರಣಿಯಲ್ಲಿ ಅಡಾಮಾನಿಗೂ ತಿರುಗಿ ಯುದ್ಧ ಮಾಡುವ ಮನಸ್ಸಿತ್ತು. ಯುದ್ಧ ಮುಗಿದಿದೆ, ಸೋತಿದ್ದೇವೆ, ಮಕ್ಕಳನ್ನು ಹುಟ್ಟಿಸಬೇಕು ಎಂದು ತಡೆದವರು ರಾಸ್ಲಿನ್. ಕೇನ್ ಪಕ್ಕದಲ್ಲಿ ಬಿಳಿ ಹಲಗೆ ಹಿಡಿದವರು ಯಾರೂ ಇರಲಿಲ್ಲ. ಆದರೆ ಅದೇ ರಾಸ್ಲಿನ್ ಈಗ ಕೇನ್‌ಳನ್ನು ಕೊಲ್ಲಬೇಕೆಂದು ಅಡಾಮಾನಿಗೆ ಸಲಹೆ ಕೊಡುತ್ತಾರೆ. ಅಡಾಮಾ ಮತ್ತು ಕೇನ್ ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲಲು ಏರ್ಪಾಡು ಮಾಡಿ, ಇಬ್ಬರೂ ಕೊನೆಯ ಕ್ಷಣ ಹಿಂದೆಗೆಯುತ್ತಾರೆ. ಹಿಂಸೆಗೊಳಗಾದ ಕೈದಿಯೇ ಕೇನ್‌ಳನ್ನು ಕೊಲ್ಲುತ್ತಾಳೆ. ಮೂಲದ ಕೇನ್ ಮಾಡಿದ ಕೆಲಸವನ್ನು ಸುಮ್ಮನೆ ಗಂಭೀರವಾಗಿ ತೆಗೆದುಕೊಂಡಿದ್ದರಿಂದ ಈ ಕಥೆ ಹುಟ್ಟಿತು. 1978ರ ಬರಹಗಾರರು ಬೀಜ ಬಿತ್ತಿದ್ದರು, ಅದಕ್ಕೆ ನೀರು ಹಾಕಲು ಅವರಿಗೆ ಸಮಯ ಸಿಗಲಿಲ್ಲ.

ಇನ್ನೊಂದು ಜೋಡಿಯನ್ನು ಕಡಿಮೆ ಜನ ಗಮನಿಸಿದ್ದಾರೆ. ಮೂಲದ ‘ದಿ ಲಾಂಗ್ ಪೆಟ್ರೋಲ್’ನಲ್ಲಿ ಒಂದು ಸೆರೆಮನೆ ನೆಲೆ ಬರುತ್ತದೆ. ಅಲ್ಲಿನ ಕೈದಿಗಳು ತಪ್ಪು ಮಾಡಿದವರಲ್ಲ, ತಪ್ಪು ಮಾಡಿದವರ ಮೊಮ್ಮಕ್ಕಳು. ಪೂರ್ವಜರ ಅಪರಾಧವೇ ಅವರ ಹೆಸರು, ಪೂರ್ವಜರಿಗೆ ಕೊಟ್ಟ ಕೆಲಸವೇ ಅವರ ಕೆಲಸ. ನಮ್ಮ ದೇಶದಲ್ಲಿ ಕುಲಕಸುಬಿನ ಭಾರ ಹೊತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಷ್ಟು ತೀಕ್ಷ್ಣವಾದ ಕಲ್ಪನೆ ಒಂದು ವಾರದ ಸಾಹಸವಾಗಿ ಮುಗಿದುಹೋಯಿತು. ಮರುಸೃಷ್ಟಿಯ ಮೂರನೇ ಸೀಸನ್‌ನ ‘ಡರ್ಟಿ ಹ್ಯಾಂಡ್ಸ್’ ಅದೇ ಪ್ರಶ್ನೆಯನ್ನು ದೂರದ ಗ್ರಹದಿಂದ ನಮ್ಮದೇ ಹಡಗುಗಳೊಳಗೆ ತರುತ್ತದೆ. ಇಂಧನ ಶುದ್ಧೀಕರಣದ ಹಡಗಿನಲ್ಲಿ ದುಡಿಯುವವರಿಗೆ ಬಿಡುವಿಲ್ಲ, ಬದಲಿ ಜನರಿಲ್ಲ. ಅವರ ಮಕ್ಕಳು ಅದೇ ಯಂತ್ರದ ಪಕ್ಕ ನಿಂತು ಅದೇ ಕೆಲಸ ಕಲಿಯುತ್ತಿದ್ದಾರೆ. ಬಡ ಗ್ರಹಗಳಿಂದ ಬಂದವರಿಗೆ ಕೊಳೆಯ ಕೆಲಸ, ಸಿರಿವಂತ ಗ್ರಹವಾದ ಕ್ಯಾಪ್ರಿಕಾದವರಿಗೆ ಆಡಳಿತ. ಗ್ಯಾಲಾಕ್ಟಿಕಾದ ಮುಖ್ಯ ಮೆಕ್ಯಾನಿಕ್ ಟೈರಲ್ ಮುಷ್ಕರ ಹೂಡುತ್ತಾನೆ. ಅಡಾಮಾ ಅವನ ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕುವೆ ಎಂದು ಬೆದರಿಸಿ ಮುಷ್ಕರ ಮುರಿಯುತ್ತಾನೆ. ಸಾಕಷ್ಟು ಹೊತ್ತು ನಾವು ಪ್ರೀತಿಸಿದ ಮನುಷ್ಯ ಆಡುವ ಮಾತು ಅದು, ಹಾಗಾಗಿಯೇ ಅದು ನಾಟುತ್ತದೆ.

ಹೆಸರು, ಮೈಬಣ್ಣ, ದೇವರು

ಮೂಲದಲ್ಲಿ ಗಂಡಾಗಿದ್ದ ಪೈಲಟ್ ಸ್ಟಾರ್‌ಬಕ್ ಹೊಸದರಲ್ಲಿ ಹೆಣ್ಣಾದದ್ದು ದೊಡ್ಡ ಗದ್ದಲವಾಯಿತು. ಮೂಲ ನಟ ಡರ್ಕ್ ಬೆನೆಡಿಕ್ಟ್ ಅದರ ವಿರುದ್ಧ ಲೇಖನವನ್ನೇ ಬರೆದರು. ಕೇಟಿ ಸ್ಯಾಕ್‌ಹಾಫ್‌ರ ಕಾರಾ ಥ್ರೇಸ್ ಸಿಗಾರ್, ಜೂಜು, ಅವಿಧೇಯತೆ ಎಲ್ಲವನ್ನೂ ಉಳಿಸಿಕೊಂಡಳು. ಅವುಗಳ ಹಿಂದೆ ಹೊಡೆತ ತಿಂದ ಬಾಲ್ಯ ಬಂತು. ಹಳೆಯ ಹೆಸರುಗಳನ್ನೆಲ್ಲ ಪೈಲಟ್‌ಗಳ ಸಂಕೇತನಾಮವಾಗಿಸಿದ ಉಪಾಯ ಚೊಕ್ಕವಾದದ್ದು: ಅಪೋಲೋ ಎಂದರೆ ಲೀ ಅಡಾಮಾ, ಬೂಮರ್ ಎಂದರೆ ಶಾರನ್ ವ್ಯಾಲೇರಿ. ಮೂಲದ ಅಪೋಲೋ ರಿಚರ್ಡ್ ಹ್ಯಾಚ್ ಮುಂದುವರಿಕೆಗಾಗಿ ವರ್ಷಗಟ್ಟಲೆ ಹೋರಾಡಿ, 1999ರಲ್ಲಿ ತಾವೇ ಒಂದು ಟ್ರೇಲರ್ ತಯಾರಿಸಿದ್ದರು, ಮರುಸೃಷ್ಟಿಯನ್ನು ಮೊದಲು ವಿರೋಧಿಸಿದ್ದರು. ಆಮೇಲೆ ಟಾಮ್ ಝಾರೆಕ್ ಎಂಬ ರಾಜಕೀಯ ಕೈದಿಯಾಗಿ ಬಂದರು. ‘ಬ್ಯಾಸ್ಟೀಲ್ ಡೇ’ ಸಂಚಿಕೆಯಲ್ಲಿ ಹಳೆಯ ಅಪೋಲೋ ಹೊಸ ಅಪೋಲೋನನ್ನು ಒತ್ತೆಯಿಟ್ಟುಕೊಂಡು ಚುನಾವಣೆ ಕೇಳುತ್ತಾನೆ.

ಈ ಬದಲಾವಣೆಗಳಲ್ಲಿ ಒಂದು ನಷ್ಟವೂ ಇದೆ, ಅದನ್ನು ಹೊಗಳಿಕೆಯ ನಡುವೆ ಮುಚ್ಚಬಾರದು. 1978ರಲ್ಲಿ ಕರ್ನಲ್ ಟೈ ಮತ್ತು ಬೂಮರ್ ಇಬ್ಬರೂ ಕಪ್ಪು ನಟರು, ಟೆರಿ ಕಾರ್ಟರ್ ಮತ್ತು ಹರ್ಬ್ ಜೆಫರ್ಸನ್ ಜೂನಿಯರ್. ಇಬ್ಬರೂ ಹುದ್ದೆಯಲ್ಲಿ ಗಟ್ಟಿಯಾಗಿದ್ದವರು, ಮುಖ್ಯ ಪಾತ್ರಗಳು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಹೊಸದರಲ್ಲಿ ಅಡಾಮಾ ಲ್ಯಾಟಿನೋ ಆದ, ಬೂಮರ್ ಕೊರಿಯನ್ ಮೂಲದ ಗ್ರೇಸ್ ಪಾರ್ಕ್ ಆದಳು. ಮುಂಚೂಣಿಯ ಕಪ್ಪು ಪಾತ್ರಗಳು ತೆಳುವಾದವು.

ಧರ್ಮದ ವಿಷಯದಲ್ಲಿ ಎರಡೂ ಸರಣಿಗಳು ಶ್ರೀಮಂತ. ಲಾರ್ಸನ್ ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಕೋಬಾಲ್ ಎಂಬ ಮೂಲಗ್ರಹದ ಹೆಸರು, ಹನ್ನೆರಡು ಜನರ ಪರಿಷತ್ತು ಅಲ್ಲಿಂದ ಬಂದವು. ಮೂರ್ ತಂಡ ಅದನ್ನು ಉಳಿಸಿಕೊಂಡು ಒಂದು ತಿರುವು ಕೊಟ್ಟಿತು: ಮನುಷ್ಯರು ಗ್ರೀಕ್ ಹೆಸರಿನ ಹಲವು ದೇವರನ್ನು ಪೂಜಿಸುವವರು, ಅವರನ್ನು ಅಳಿಸಲು ಬಂದ ಯಂತ್ರಗಳು ಒಬ್ಬನೇ ದೇವರನ್ನು ನಂಬುವವರು. ನಮ್ಮ ಕಡೆಯ ನೋಡುಗರು ಮೊದಲ ಸಲ ಬೆಚ್ಚುವುದು ಶೀರ್ಷಿಕೆ ಸಂಗೀತದಲ್ಲಿ. ರಿಚರ್ಡ್ ಗಿಬ್ಸ್ ಸಂಯೋಜಿಸಿದ ಆ ಹಾಡಿನ ಪದಗಳು ಋಗ್ವೇದದ ಮೂರನೇ ಮಂಡಲದ ಗಾಯತ್ರಿ ಮಂತ್ರ. ಕಥೆಯೊಳಗೆ ಎಲ್ಲೂ ಅದಕ್ಕೆ ವಿವರಣೆ ಇಲ್ಲ, ಗ್ರೀಕ್ ದೇವರುಗಳ ಲೋಕಕ್ಕೆ ಅದು ಸೇರುವುದೂ ಇಲ್ಲ. ಆದರೂ ಎಲ್ಲ ಹಿಂದೆ ನಡೆದಿದೆ, ಮತ್ತೆ ನಡೆಯುತ್ತದೆ ಎಂಬ ಸರಣಿಯ ಪಲ್ಲವಿ, ಯುಗಗಳ ಚಕ್ರ ಕೇಳಿ ಬೆಳೆದ ಕಿವಿಗೆ ಅಷ್ಟು ದೂರದ್ದಾಗಿ ಕೇಳುವುದಿಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ

ಮೊದಲ ಸೀಸನ್ 13 ಸಂಚಿಕೆ. ಆಮೇಲೆ ವಾಹಿನಿ 20 ಕೇಳಿತು. ಬೇಡಿಕೆ ಹೆಚ್ಚಿದಾಗ ಮೂಲದ ರೋಗವೇ ಮರುಸೃಷ್ಟಿಗೂ ತಗುಲಿತು: ಒಂಟಿ ಕಥೆಗಳು. ‘ಬ್ಲ್ಯಾಕ್ ಮಾರ್ಕೆಟ್’ ಅಂಥದ್ದು. ತಾನು ಅದರಲ್ಲಿ ಸೋತೆ ಎಂದು ಮೂರ್ ತಮ್ಮ ಪಾಡ್‌ಕಾಸ್ಟ್‌ನಲ್ಲಿ ಒಪ್ಪಿಕೊಂಡರು.

ಇನ್ನೊಂದು ಆಳದ ತಪ್ಪು. ಸೈಲಾನರಿಗೆ ಒಂದು ಯೋಜನೆ ಇದೆ ಎಂದು ಶೀರ್ಷಿಕೆ ಪ್ರತಿ ವಾರ ಸಾರಿತು. ಬರಹಗಾರರ ಬಳಿ ಅಂಥ ಯೋಜನೆ ಇರಲಿಲ್ಲ. ಮನುಷ್ಯರಂತೆ ಕಾಣುವ ಸೈಲಾನರ ಹನ್ನೆರಡು ಮಾದರಿಗಳಲ್ಲಿ ಗುಟ್ಟಾಗಿ ಉಳಿದ ಐವರು ಯಾರು ಎಂಬುದನ್ನು ಮೂರನೇ ಸೀಸನ್ ನಡೆಯುತ್ತಿದ್ದಾಗ ನಿರ್ಧರಿಸಿದರು. ಟೈರಲ್‌ನನ್ನು ಆ ಐವರಲ್ಲಿ ಸೇರಿಸಿದ ಮೇಲೆ ಗೊತ್ತಾಯಿತು: ಹೇರಾ ಎಂಬ ಮಗು ಮನುಷ್ಯ-ಸೈಲಾನ್ ಬೆರಕೆಯ ಏಕೈಕ ಶಿಶು ಎಂಬುದು ಕಥೆಯ ಅಡಿಗಲ್ಲು, ಟೈರಲ್‌ನಿಗೂ ಒಂದು ಮಗು ಇದೆ. ಆ ಮಗುವಿನ ತಂದೆ ಬೇರೊಬ್ಬ ಪೈಲಟ್ ಎಂದು ನಾಲ್ಕನೇ ಸೀಸನ್‌ನಲ್ಲಿ ಹೇಳಿ ತೇಪೆ ಹಚ್ಚಬೇಕಾಯಿತು. ಸತ್ತುಹೋಗಿದ್ದ ತಾಯಿಯ ಮೇಲೆ ಆ ತೇಪೆಯ ಕಳಂಕ ಬಿತ್ತು.

ಕೊನೆಯ ಸಂಚಿಕೆ ‘ಡೇಬ್ರೇಕ್’ ಇನ್ನೂ ಚರ್ಚೆಯಲ್ಲಿದೆ. ಉಳಿದ ಸುಮಾರು 38,000 ಜನ 1,50,000 ವರ್ಷ ಹಿಂದಿನ ಭೂಮಿಗೆ ಬಂದು, ಹಡಗುಗಳನ್ನೆಲ್ಲ ಸೂರ್ಯನಿಗೆ ಕಳಿಸಿ, ಬರಿಗೈಯಲ್ಲಿ ಹುಲ್ಲುಗಾವಲಿಗೆ ನಡೆದುಹೋಗುತ್ತಾರೆ. ದೇವರ ಕೈವಾಡ ಇದ್ದದ್ದಕ್ಕೆ ಅನೇಕರು ಸಿಟ್ಟಾದರು. ದೇವರು ಮೊದಲ ದಿನದಿಂದ ಕಥೆಯಲ್ಲಿದ್ದ, ಆ ಸಿಟ್ಟು ಅಷ್ಟು ಸರಿಯಲ್ಲ. ನಿಜವಾದ ತೊಂದರೆ ಆ 38,000ರಲ್ಲಿದೆ. ನಾಲ್ಕು ವರ್ಷ ನೀರಿಗೆ, ಔಷಧಿಗೆ, ಮತಕ್ಕೆ, ಸಂಬಳಕ್ಕೆ ಜಗಳವಾಡಿದ ಜನ ಒಂದೇ ಮಧ್ಯಾಹ್ನದಲ್ಲಿ ಔಷಧಿಯನ್ನೂ ಬಿಟ್ಟುಕೊಡಲು ಒಪ್ಪಿದರು. ಒಬ್ಬರೂ ಎದ್ದು ನಿಂತು ಬೇಡ ಎನ್ನಲಿಲ್ಲ. ಚಳಿಗಾಲಕ್ಕೆ ಎಷ್ಟು ಮಂದಿ ಉಳಿಯುತ್ತಾರೆ ಎಂದು ಬರೆಯಲು ಆ ಹೊತ್ತಿಗೆ ಹಲಗೆ ಹಿಡಿದವರು ಯಾರೂ ಇಲ್ಲ; ರಾಸ್ಲಿನ್ ಸಾವಿನ ಅಂಚಿನಲ್ಲಿದ್ದರು. ಆ ಸಂಚಿಕೆ ಪ್ರಸಾರವಾಗುವ ಮೂರು ದಿನ ಮುಂಚೆ, 2009ರ ಮಾರ್ಚ್ 17ರಂದು, ವಿಶ್ವಸಂಸ್ಥೆ ತನ್ನ ನ್ಯೂಯಾರ್ಕ್ ಕೇಂದ್ರದಲ್ಲಿ ಓಲ್ಮೋಸ್, ರಾಸ್ಲಿನ್ ಪಾತ್ರದ ಮೇರಿ ಮೆಕ್‌ಡೊನೆಲ್, ಮೂರ್, ಐಕ್ ಅವರನ್ನು ಕೂರಿಸಿ ಮಾನವ ಹಕ್ಕು, ಭಯೋತ್ಪಾದನೆಯ ಬಗ್ಗೆ ಚರ್ಚೆ ನಡೆಸಿತ್ತು. ಹಾಗೆ ಕರೆಸಿಕೊಳ್ಳುವ ಅರ್ಹತೆ ತಂದುಕೊಟ್ಟದ್ದು ನ್ಯೂ ಕ್ಯಾಪ್ರಿಕಾ ಗ್ರಹದಲ್ಲಿ ಸೈಲಾನರು ಆಕ್ರಮಿಸಿಕೊಂಡ ಊರು ಮತ್ತು ಪೆಗಾಸಸ್‌ನ ಸೆರೆಕೋಣೆ.

ನೋಡಲು ಹೊರಡುವವರಿಗೆ ಕ್ರಮ ಮುಖ್ಯ, ಯಾಕೆಂದರೆ ಹಲವು ಕಡೆ ಕಿರುಸರಣಿಯನ್ನು ಬೇರೆಯಾಗಿ ಪಟ್ಟಿ ಮಾಡಿರುತ್ತಾರೆ. ‘33’ರಿಂದ ಶುರು ಮಾಡಿದರೆ ಯಾರು ಯಾರೆಂದೇ ತಿಳಿಯದು, 2003ರ ಎರಡು ಭಾಗದ ಕಿರುಸರಣಿಯೇ ಮೊದಲು. ಆಮೇಲೆ ಒಂದು, ಎರಡು, ಮೂರನೇ ಸೀಸನ್. ಎರಡು ಮತ್ತು ಮೂರರ ನಡುವೆ ‘ದಿ ರೆಸಿಸ್ಟೆನ್ಸ್’ ಎಂಬ ಹತ್ತು ಪುಟ್ಟ ತುಣುಕುಗಳಿವೆ. 2007ರ ‘ರೇಝರ್’ ಎಂಬ ಟಿವಿ ಚಿತ್ರ ಪೆಗಾಸಸ್‌ನ ಕಥೆಯಾದರೂ ಅದನ್ನು ಎರಡನೇ ಸೀಸನ್ ನಡುವೆ ನೋಡಬೇಡಿ. ಅದರ ಕೊನೆಯಲ್ಲಿ ಬರುವ ಭವಿಷ್ಯವಾಣಿ ನಾಲ್ಕನೇ ಸೀಸನ್‌ಗೆ ಸೇರಿದ್ದು, ಹಾಗಾಗಿ ಮೂರರ ನಂತರವೇ ಸರಿ. ‘ದಿ ಪ್ಲ್ಯಾನ್’ ಎಂಬ ಚಿತ್ರ ಎಲ್ಲ ಮುಗಿದ ಮೇಲೆ. ಮೂಲದಿಂದ ಪೂರ್ತಿ ನೋಡುವ ತಾಳ್ಮೆ ಇಲ್ಲದಿದ್ದರೆ ‘ಸಾಗಾ ಆಫ್ ಎ ಸ್ಟಾರ್ ವರ್ಲ್ಡ್’, ‘ದಿ ಲಾಂಗ್ ಪೆಟ್ರೋಲ್’, ‘ದಿ ಲಿವಿಂಗ್ ಲೆಜೆಂಡ್’ ಮತ್ತು ಕೊನೆಯ ‘ದಿ ಹ್ಯಾಂಡ್ ಆಫ್ ಗಾಡ್’ ಸಾಕು. ಆ ಕೊನೆಯ ಸಂಚಿಕೆಯ ಅಂತ್ಯದಲ್ಲಿ, ಹಡಗಿನ ನೆತ್ತಿಯ ಮೇಲಿನ ಹಳೆಯ ಗಾಜಿನ ಕೋಣೆಯೊಂದರಲ್ಲಿ, ಯಾರೂ ಇಲ್ಲದ ಹೊತ್ತಿಗೆ ಹಳೆಯ ಯಂತ್ರದ ಪರದೆ ಮಿನುಗುತ್ತದೆ. ಅದರಲ್ಲಿ ಮಸುಕಾಗಿ ಕಾಣುವುದು 1969ರ ಚಂದ್ರನ ಮೇಲಿನ ಇಳಿಯುವಿಕೆ, ಭೂಮಿಯಿಂದ ಹೊರಟ ಪ್ರಸಾರ. ನೋಡಬೇಕಾದವರು ಆಗಷ್ಟೇ ಕೋಣೆ ಬಿಟ್ಟು ಇಳಿದುಹೋಗಿರುತ್ತಾರೆ.